ಗಾಲ್ಟನ್ನರ ಮೊಲಗಳು

ಜೀವವಿಕಾಸದ ಚಿಂತನೆಯ ಚರಿತ್ರೆಯಲ್ಲಿ ನನ್ನನ್ನು ಬಹಳವಾಗಿ ಸೆಳೆಯುವುದು ಅನುವಂಶೀಯತೆಯನ್ನು ವಿವರಿಸಲು ಡಾರ್ವಿನ್ ಪಟ್ಟ ಪಾಡು. ತಂದೆತಾಯಿಗಳ ಲಕ್ಷಣಗಳು ಸಂತತಿಯಲ್ಲಿ ಹಾಲು ನೀರಿನಂತೆ ಬೆರೆತುಹೋಗುವುದಾದರೆ, ಹೊಸದಾಗಿ ಕಾಣಿಸಿಕೊಂಡ ಅನುಕೂಲಕರ ಗುಣವೊಂದು ಕೆಲವೇ ತಲೆಮಾರುಗಳಲ್ಲಿ ತೆಳುವಾಗಿ ಅಳಿಸಿಹೋಗುತ್ತದೆಯಲ್ಲವೇ ಎಂದು ಎಂಜಿನಿಯರ್ ಫ್ಲೆಮಿಂಗ್ ಜೆಂಕಿನ್ 1867ರಲ್ಲಿ ಡಾರ್ವಿನ್ನರ ನೈಸರ್ಗಿಕ ಆಯ್ಕೆಯ ವಾದದ ವಿರುದ್ಧ ಎತ್ತಿದ ಆಕ್ಷೇಪ ನಿಜಕ್ಕೂ ಗಟ್ಟಿಯಾದುದಾಗಿತ್ತು.

ದೇಹದ ಪ್ರತಿಯೊಂದು ಭಾಗವೂ 'ಜೆಮ್ಯೂಲ್' ಎಂಬ ಸೂಕ್ಷ್ಮ ಕಣಗಳನ್ನು ಹೊರಬಿಡುತ್ತದೆ, ಅವು ಜನನಾಂಗಗಳಲ್ಲಿ ಒಟ್ಟುಗೂಡಿ ಮುಂದಿನ ಪೀಳಿಗೆಯನ್ನು ರೂಪಿಸುತ್ತವೆ ಎಂಬ 'ಪ್ಯಾಂಜೆನೆಸಿಸ್' ಊಹೆಯನ್ನು ಡಾರ್ವಿನ್ 1868ರಲ್ಲಿ ಮುಂದಿಟ್ಟರು. ಕಣಗಳು ಸಂಚರಿಸುವುದು ರಕ್ತದಲ್ಲೇ ಇರಬೇಕೆಂದು ಭಾವಿಸಿದ ಅವರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್, ಬೆಳ್ಳಿಬೂದು ಬಣ್ಣದ ಮೊಲಗಳಿಗೆ ಬೇರೆ ತಳಿಯ ಮೊಲಗಳ ರಕ್ತ ಹರಿಸಿ, ಆಮೇಲೆ ಅವುಗಳಿಂದ ಮರಿ ಮಾಡಿಸಿದರು. ಮರಿಗಳು ತಮ್ಮ ತಳಿಯ ಬಣ್ಣವನ್ನೇ ಉಳಿಸಿಕೊಂಡಿದ್ದವು; ಅಂದರೆ ರಕ್ತದಲ್ಲಿ ಜೆಮ್ಯೂಲ್‌ಗಳ ಸುಳಿವು ಸಿಗಲಿಲ್ಲ. 1871ರಲ್ಲಿ ಈ ಫಲಿತಾಂಶ ಪ್ರಕಟವಾದಾಗ, ತಾವು ರಕ್ತದ ಮಾತನ್ನೇ ಎತ್ತಿರಲಿಲ್ಲವೆಂದು ಡಾರ್ವಿನ್ 'ನೇಚರ್' ಪತ್ರಿಕೆಯಲ್ಲಿ ಉತ್ತರಿಸಿದರು. ಮಾತು ಸರಿಯೇ, ಆದರೂ ಒಂದು ಊಹೆಯನ್ನು ಪ್ರಯೋಗದ ಒರೆಗೆ ಹಚ್ಚಿದ ಗಾಲ್ಟನ್ನರ ನೇರ ನಡೆಯ ಬಗ್ಗೆಯೇ ನನಗೆ ಹೆಚ್ಚು ಗೌರವ.

ಈಗಿನ ಚೆಕ್ ದೇಶದ ಬ್ರನೋ ಮಠದ ತೋಟದಲ್ಲಿ ಬಟಾಣಿ ಬೆಳೆದ ಸನ್ಯಾಸಿ ಮೆಂಡೆಲ್, ದುಂಡುಬೀಜದ ಮತ್ತು ಸುಕ್ಕುಬೀಜದ ಗಿಡಗಳನ್ನು ಅಡ್ಡಹಾಯಿಸಿದಾಗ ಮೊದಲ ಪೀಳಿಗೆಯಲ್ಲಿ ಪೂರ್ತಿ ಮರೆಯಾಗಿದ್ದ ಸುಕ್ಕುಬೀಜದ ಗುಣ ಎರಡನೆಯದರಲ್ಲಿ ಕಿಂಚಿತ್ತೂ ತೆಳುವಾಗದೆ ಮರಳಿ ಬಂದದ್ದನ್ನು ಕಂಡಿದ್ದರು: 5,474 ದುಂಡುಬೀಜಗಳು, 1,850 ಸುಕ್ಕುಬೀಜಗಳು. ಜೆಂಕಿನ್ನರ ಆಕ್ಷೇಪಕ್ಕೆ ಬೇಕಾದ ಈ ಉತ್ತರ 1866ರಲ್ಲೇ ಅಚ್ಚಾಗಿದ್ದರೂ, ವಿಜ್ಞಾನಲೋಕ ಅದರ ಬೆಲೆಯನ್ನು ಅರಿತದ್ದು 1900ರಲ್ಲಿ, ಡಾರ್ವಿನ್ ತೀರಿಕೊಂಡು ಹದಿನೆಂಟು ವರ್ಷಗಳ ನಂತರ.