ಪಾವಗಡದ ಮೂರು ಎಕರೆ ಖುಷ್ಕಿ: ಪಹಣಿಯಿಂದ ಕೃಷಿ ಹೊಂಡದವರೆಗೆ

ಕೆಂಪು ಮಣ್ಣಿನ ಕಡಲೆಕಾಯಿ ಹೊಲ, ಬೋರ್‌ವೆಲ್ ಇಲ್ಲ. ಮಳೆಯಾಶ್ರಿತ ರೈತರಿಗಾಗಿ ಇರುವ ರಾಜ್ಯದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ, ಇಳಿಜಾರಿಗೆ ಅಡ್ಡವಾಗಿ ಬದು, ಬದುವಿನ ಮೇಲೆ ಮರ: ಇಷ್ಟು ಆಗಬೇಕು.

ದಾಖಲೆ (ಮುಗಿದಿದೆ)

ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ‘ಯಾವ ಸ್ಕೀಮ್ ಬಂದಿದೆ’ ಎಂದು ಕೇಳುವ ಮೊದಲು ಹೊಸ ಪಹಣಿ (ಜಮೀನಿನ ಹಕ್ಕು, ಬೆಳೆಯ ದಾಖಲೆ) ತೆಗೆಸಿ ಓದಿ. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ತೀರಿಹೋದವರ ಹೆಸರೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು. ಜಂಟಿ ಖಾತೆಯಾದರೆ ಉಳಿದವರ ಒಪ್ಪಿಗೆ ಪತ್ರ ಬೇಕು. ಇದನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ತಾಲ್ಲೂಕಿಗೆ ಇಷ್ಟು ಹೊಂಡ ಎಂದು ಬರುವ ಗುರಿಯೇ ಕಡಿಮೆ, ಕಾಗದ ಸರಿಯಿಲ್ಲದ ಅರ್ಜಿ ಹಿಂದೆ ಬೀಳುತ್ತದೆ.

ಆಮೇಲೆ ಫ್ರೂಟ್ಸ್, ಅಂದರೆ ರೈತರ ನೋಂದಣಿಯ ಸರ್ಕಾರಿ ತಂತ್ರಾಂಶ; ಅದರಲ್ಲಿ ರೈತರಿಗೆ ಸಿಗುವ ಗುರುತಿನ ಸಂಖ್ಯೆಯೇ ಎಫ್‌ಐಡಿ. ಎಫ್‌ಐಡಿ ನಂಬರ್ ಇದ್ದ ಮಾತ್ರಕ್ಕೆ ಸಾಲದು, ಹೊಂಡ ತೆಗೆಯುವ ಸರ್ವೆ ನಂಬರೇ ಅದರೊಳಗೆ ಸೇರಿದೆಯೇ ನೋಡಬೇಕು. ಎರಡು ಕಡೆ ಜಮೀನಿರುವವರಿಗೆ ಒಂದು ತುಂಡು ಬಿಟ್ಟುಹೋಗಿರುವುದು ಸಾಮಾನ್ಯ. ಪಹಣಿಯಲ್ಲಿ ಹನುಮಂತಪ್ಪ, ಆಧಾರ್‌ನಲ್ಲಿ ಹನುಮಂತರಾಯಪ್ಪ ಎಂದಿದ್ದರೂ ಅಲ್ಲಿಗೇ ನಿಲ್ಲುತ್ತದೆ. ಬ್ಯಾಂಕ್‌ನಲ್ಲಿ ಇನ್ನೊಂದು ಗೊಂದಲ: ‘ಆಧಾರ್ ಲಿಂಕ್ ಆಗಿದೆ’ ಎನ್ನುತ್ತಾರೆ, ಆದರೆ ನೇರ ನಗದು ಬರುವುದು ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಆಧಾರ್‌ಗೆ ಜೋಡಿಸುವುದು) ಆದ ಖಾತೆಗೆ ಮಾತ್ರ. ಅದನ್ನೇ ಹೆಸರು ಹೇಳಿ ಕೇಳಿ.

ಹೊಂಡದ ಅಳತೆ (ತೀರ್ಮಾನವಾಗಿದೆ: 12×12×3 ಮೀಟರ್)

ಕೃಷಿ ಭಾಗ್ಯದಲ್ಲಿ ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90. ಹೊಂಡದ ಸುತ್ತಲಿನ ಬೇಲಿಗೆ ಅದಕ್ಕಿಂತ ಕಡಿಮೆ. ಶೇಕಡಾವಾರು ನೋಡಿ ಅತಿ ದೊಡ್ಡ ಹೊಂಡ ಕೇಳುವವರೇ ಹೆಚ್ಚು. ಲೆಕ್ಕ ಮಾಡಬೇಕಾದದ್ದು ಹರಿದು ಬರುವ ನೀರನ್ನು.

ಮೂರು ಎಕರೆ ಎಂದರೆ ಸುಮಾರು 12,140 ಚದರ ಮೀಟರ್. 30 ಮಿ.ಮೀ. ಬಿರುಸು ಮಳೆ ಬಿದ್ದು ಐದರಲ್ಲೊಂದು ಪಾಲು ಹರಿದರೆ ಸಿಗುವುದು 73 ಘನ ಮೀಟರ್. 12×12×3ರ ಹೊಂಡಕ್ಕೆ ಗೋಡೆಯ ಇಳಿಜಾರು 1:1 (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಇಟ್ಟರೆ ತಳ 6×6 ಆಗುತ್ತದೆ, ಹಿಡಿಯುವುದು 252 ಘನ ಮೀಟರ್. ಅಂಥ ಮೂರೂವರೆ ಮಳೆಗೆ ತುಂಬುತ್ತದೆ. 21×21×3ರದ್ದು 981 ಘನ ಮೀಟರ್, ಹದಿಮೂರಕ್ಕೂ ಹೆಚ್ಚು ಮಳೆ ಬೇಕು. ಈ ಸೀಮೆಯಲ್ಲಿ ಅದು ತುಂಬುವುದನ್ನು ನಂಬಿಕೊಂಡು ಕೂರಲಾಗದು. 252 ಘನ ಮೀಟರ್‌ನಲ್ಲಿ ಒಂದು ಎಕರೆಗೆ 25 ಮಿ.ಮೀ.ನಂತೆ ಎರಡು ಸಲ ಹಾಯಿಸಬಹುದು. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೆಳೆ ಉಳಿಸುವುದು ಇಷ್ಟೇ ನೀರು.

ನೀರು ಇಂಗದಂತೆ ಹೊಂಡದೊಳಗೆ ಹಾಸುವ ಪಾಲಿಥಿನ್ ಹಾಳೆಗೆ ತಳ 6, ಎರಡೂ ಇಳಿಜಾರು ಸೇರಿ 8.5, ದಂಡೆಯ ಚರಂಡಿಯಲ್ಲಿ ಹೂಳಲು ಎರಡೂ ಕಡೆ ಒಂದೊಂದು ಮೀಟರ್: ಒಟ್ಟು 16.5 ಮೀಟರ್ ಚೌಕ. ಹೂಳುವ ಒಂದು ಮೀಟರ್‌ನಲ್ಲಿ ಉಳಿತಾಯ ಮಾಡಿದರೆ ಖಾಲಿ ಹೊಂಡದ ಹಾಳೆಯನ್ನು ಗಾಳಿ ಎತ್ತುತ್ತದೆ. ಹಾಸುವ ಮೊದಲು ಚೂಪು ಕಲ್ಲು, ಜಾಲಿ ಬೇರು ಆಯ್ದು ಜರಡಿ ಮಣ್ಣು ಮೆತ್ತಬೇಕು.

ಕೆಲಸ ಶುರುಮಾಡಲು ಇಲಾಖೆ ಕೊಡುವ ಕಾರ್ಯಾದೇಶ ಕೈಗೆ ಬರುವ ತನಕ ಜೆಸಿಬಿ ತರಬೇಡಿ. ಖಾಲಿ ಜಾಗದ ಜಿಪಿಎಸ್ ಫೋಟೊ ಇಲ್ಲದಿದ್ದರೆ ಬಿಲ್ ಆಗುವುದು ಕಷ್ಟ.

ಬದು (ನಡೆಯುತ್ತಿದೆ)

ಬದುವೂ ಹೊಂಡವೂ ಒಂದೇ ನೀರಿಗೆ ಕಾದಿರುತ್ತವೆ. ಬದು ಬಿಗಿಯಾಗಿ ಹಾಕಿ ಕೋಡಿಯನ್ನು ಪಕ್ಕದ ಹಳ್ಳಕ್ಕೆ ಬಿಟ್ಟರೆ ಹೊಂಡ ಒಣಗಿರುತ್ತದೆ. ಆದ್ದರಿಂದ ಪ್ರತಿ ಬದುವಿನ ಕೋಡಿಯನ್ನೂ ಹೊಂಡದ ಕಡೆಗೇ ತಿರುಗಿಸಿ, ಒಳಹರಿವಿನ ಬಾಯಿಗೆ ಕಲ್ಲು ಕಟ್ಟಿ, ಅದಕ್ಕೂ ಮುಂಚೆ ಒಂದು ಹೂಳು ಗುಂಡಿ ತೆಗೆಯುತ್ತಿದ್ದೇವೆ. ಹೂಳು ಗುಂಡಿ ಇಲ್ಲದ ಹೊಂಡದ ತಳ ಹೂಳು ತುಂಬಿ ಬೇಗ ಮೇಲೆದ್ದು ಬರುತ್ತದೆ. ಹಾಳೆಯ ಮೇಲಿನ ಹೂಳನ್ನು ಸಲಿಕೆ ಹಾಕಿ ತೆಗೆಯಲು ಹೋದರೆ ಹಾಳೆಯೇ ಹರಿಯುತ್ತದೆ. ಒಂದೇ ಬದುವಿಗೆ ಎರಡು ಯೋಜನೆಗಳಲ್ಲಿ ಬಿಲ್ ಆಗುವುದಿಲ್ಲ. ಹೊಂಡದ ಅರ್ಜಿಯಲ್ಲಿ ಬದು ಸೇರಿದ್ದರೆ ಪಂಚಾಯತಿಯಲ್ಲಿ ಮತ್ತೆ ಬರೆಸಬಾರದು.

ಮರ (ಬಾಕಿ)

ಇದು ಕೃಷಿ ಇಲಾಖೆಯದ್ದಲ್ಲ, ವಲಯ ಅರಣ್ಯ ಕಚೇರಿಯದ್ದು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಹಣ ನೆಟ್ಟ ಲೆಕ್ಕಕ್ಕಲ್ಲ, ಉಳಿದ ಲೆಕ್ಕಕ್ಕೆ. ಬೇವು, ಹೊಂಗೆ, ಹೆಬ್ಬೇವು ಆರಿಸಿದ್ದೇವೆ. ಹೊಂಡದ ದಂಡೆ ಬಿಟ್ಟು ದೂರದ ಬದುಗಳಲ್ಲಿ ಮಾತ್ರ ನೆಡುವುದು, ಬೇರು ಹಾಳೆ ಮುಟ್ಟಬಾರದು. ಗುಂಡಿ ತೆಗೆದಾಗಿದೆ, ಮುಂಗಾರು ಹಿಡಿದ ಮೇಲೆ ಸಸಿ ತರುತ್ತೇವೆ.