ಏರಿಳಿದ ಷೇರು ಮೂಲಬೆಲೆಗೆ ಮರಳೀತೇ?

ನಮ್ಮ ಷೇರುಪೇಟೆಯಲ್ಲಿ ಅನೇಕ ಷೇರುಗಳ ದಿನದ ಏರಿಳಿತಕ್ಕೆ ಶೇ 2, 5, 10 ಅಥವಾ 20ರ ಮಿತಿ ಇರುತ್ತದೆ. ಆ ಗಡಿಗಳನ್ನೇ ಅಪ್ಪರ್ ಸರ್ಕ್ಯೂಟ್, ಲೋವರ್ ಸರ್ಕ್ಯೂಟ್ ಎನ್ನುತ್ತಾರೆ. ಇದನ್ನು ಆಧರಿಸಿದ ಒಗಟೊಂದು ಮೊನ್ನೆ ನನ್ನನ್ನು ಹಿಡಿದು ಕೂರಿಸಿತು: 100 ರೂಪಾಯಿಯ ಷೇರೊಂದು ಪ್ರತಿದಿನವೂ ಹಿಂದಿನ ದಿನದ ಬೆಲೆಯ ಮೇಲೆ ಸರಿಯಾಗಿ ಶೇ 10ರಷ್ಟು ಏರುತ್ತದೆ ಇಲ್ಲವೇ ಇಳಿಯುತ್ತದೆ ಎಂದಾದರೆ, ಅದು ಎಂದಾದರೂ ಮತ್ತೆ 100 ರೂಪಾಯಿಗೆ ಬಂದು ನಿಲ್ಲಬಲ್ಲದೇ?

ಏರಿದರೆ 110, ಮರುದಿನ ಇಳಿದರೆ 99. ಮೊದಲು ಇಳಿದು ಆಮೇಲೆ ಏರಿದರೂ ಅದೇ 99, ಏಕೆಂದರೆ ಗುಣಾಕಾರದಲ್ಲಿ ಹಿಂದುಮುಂದಾದರೆ ವ್ಯತ್ಯಾಸವಿಲ್ಲ. ಐದು ಏರಿಕೆ, ಐದು ಇಳಿಕೆಗಳಾದರೆ ಉಳಿಯುವುದು ಸುಮಾರು 95 ರೂಪಾಯಿ 10 ಪೈಸೆ. ಹಾಗಾದರೆ ಏರಿಕೆಯ ದಿನಗಳನ್ನು ಒಂದೆರಡು ಹೆಚ್ಚಿಸಿದರೆ ಲೆಕ್ಕ ಸರಿಹೋದೀತು ಎಂಬ ಆಸೆ ಸಹಜ. ಆದರೆ ಪ್ರತಿದಿನ ನಾವು ಬೆಲೆಯನ್ನು 11ರಿಂದ ಅಥವಾ 9ರಿಂದ ಗುಣಿಸಿ 10ರಿಂದ ಭಾಗಿಸುತ್ತಿದ್ದೇವೆ; ಮೂಲಬೆಲೆ ಮರಳಬೇಕಾದರೆ ಆ 11 ಮತ್ತು 9ಗಳ ಗುಣಲಬ್ಧವು 10ರ ಒಂದು ಘಾತಕ್ಕೆ ಸಮವಾಗಬೇಕು. ಬೆಸಸಂಖ್ಯೆಗಳನ್ನು ಎಷ್ಟು ಸಲ ಗುಣಿಸಿದರೂ ಬೆಸವೇ, 10ರ ಘಾತವೋ ಸಮಸಂಖ್ಯೆ. ದೊಡ್ಡ ಸೂತ್ರವೊಂದೂ ಬೇಕಾಗದೆ ಬಾಗಿಲು ಮುಚ್ಚಿಬಿಡುವ ಈ ವಾದ ನನಗೆ ಬಹಳ ಹಿಡಿಸಿತು. ಶೇ 20ರ ಮಿತಿಗೆ ಬಂದರೆ 6 ಮತ್ತು 4ರಿಂದ ಗುಣಿಸಿ 5ರಿಂದ ಭಾಗಿಸಬೇಕು. ಸಮ-ಬೆಸ ಅದಲುಬದಲಾಗುತ್ತವೆ, ಉತ್ತರ ಮಾತ್ರ ಅದೇ. (ನಿಜವಾದ ಪೇಟೆಯಲ್ಲಿ ಬೆಲೆಯನ್ನು ಪೈಸೆಗಳಿಗೆ ಹೊಂದಿಸುವುದರಿಂದ ಇಷ್ಟು ಖಡಾಖಂಡಿತವಾಗಿ ಹೇಳಲಾಗದು.)