ಕಿವಿ ಹಿಂದಿನ ಗಂಟು

ಪುಟ್ಟಿಗೆ ಆಗ 4 ವರ್ಷ. ದಿನಾ ಬೆಳಿಗ್ಗೆ ಎದ್ದ ಕೂಡಲೇ ವಾಂತಿ. ಊರಿನ ಡಾಕ್ಟರು ಅಜೀರ್ಣ ಅಂದರು. ಅತ್ತೆ ದೃಷ್ಟಿ ತೆಗೆದರು. ನಡೆಯುವಾಗ ಒಂದು ಕಡೆ ವಾಲತೊಡಗಿದ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆತಂದೆವು. ಸ್ಕ್ಯಾನ್‌ನಲ್ಲಿ ತಲೆಯೊಳಗೆ ನೀರು ತುಂಬಿದ್ದು ಕಂಡಿತು. ಹೈಡ್ರೋಕೆಫಲಸ್.

ಮೆದುಳಿನಲ್ಲಿ ಈ ನೀರು ಎಲ್ಲರಿಗೂ ತಯಾರಾಗುತ್ತದಂತೆ, ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಇವಳಿಗೆ ಅದು ಹರಿದುಹೋಗುವ ದಾರಿ ಕಟ್ಟಿಕೊಂಡಿತ್ತು. ಅದಕ್ಕೆ ಷಂಟ್ ಹಾಕಬೇಕು. ಸಣ್ಣ ಕೊಳವೆ, ತಲೆಯಿಂದ ಚರ್ಮದಡಿಯಲ್ಲೇ ಇಳಿದು ಹೊಟ್ಟೆ ಸೇರುತ್ತದೆ. ನಡುವೆ, ಕಿವಿ ಹಿಂದೆ, ಒಂದು ವಾಲ್ವ್.

"ನಮ್ಮ ತೋಟದ ಡ್ರಿಪ್ ಪೈಪ್ ಥರ ಅಲ್ವಾ ಸಾರ್?" ಅಂದರು ನಮ್ಮನೆಯವರು. ಡಾಕ್ಟರ್ ನಕ್ಕರು.

ಆಪರೇಷನ್ ದಿನ ಖಾಲಿ ಹೊಟ್ಟೆ. "ಅಮ್ಮಾ, ಒಂದೇ ಒಂದು ಇಡ್ಲಿ" ಅಂತ ಅತ್ತಳು. ನಾನೂ ತಿನ್ನಲಿಲ್ಲ. ತಲೆ ಬೋಳಿಸಿದಾಗ ಬಿದ್ದ ಕೂದಲನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಟ್ಟುಕೊಂಡೆ, ಯಾಕೋ ಏನೋ. ಬಾಗಿಲವರೆಗೆ ಅವರಪ್ಪ ಎತ್ತಿಕೊಂಡು ಹೋದರು. ಆಮೇಲೆ ಮೆಟ್ಟಿಲ ಮೇಲೆ ಕೂತು ಯಾರಿಗೋ ಫೋನ್ ಮಾಡಿ ಅಡಿಕೆ ರೇಟು ಕೇಳತೊಡಗಿದರು. ನನಗೆ ಕೆಂಡದಂಥ ಸಿಟ್ಟು ಬಂತು. ಹತ್ತಿರ ಹೋಗಿ ನೋಡಿದರೆ ಫೋನ್ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಸುಮ್ನೆ ಪಕ್ಕದಲ್ಲಿ ಕೂತೆ.

ಈಗಲೂ ವಾಂತಿಯಾದರೆ, ನಿದ್ದೆ ಜಾಸ್ತಿಯಾದರೆ ಎದೆ ಧಸಕ್ ಅನ್ನುತ್ತದೆ. ಷಂಟ್ ಕಟ್ಟಿಕೊಳ್ಳಬಹುದು, ತಡಮಾಡಬೇಡಿ ಅಂತ ಹೇಳಿ ಕಳಿಸಿದ್ದಾರೆ. ಅವಳಿಗೆ ಮಾತ್ರ ಯಾವ ಚಿಂತೆಯೂ ಇಲ್ಲ. ಗೆಳತಿಯರಿಗೆ ಕಿವಿ ಹಿಂದಿನ ಗಂಟು ಮುಟ್ಟಿಸಿ, "ಇದು ನನ್ನ ನಲ್ಲಿ" ಅನ್ನುತ್ತಾಳೆ.